ತೀರ್ಥರಾಮನ ಕಿರುಬೆರಳು

ದುಗ್ಗಪ್ಪ ಬಗ್ಗಿ ಆ ಪುಟ್ಟ ಸ್ಪೀಕರಿನ ಬಾಯಿ ಮುಚ್ಚಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಪಲ್ಲವಿ ಮುಗಿದು ಗಿಟಾರು ಬರಬೇಕಾದ ಜಾಗದಲ್ಲಿ ಬರೇ ಡ್ರಮ್ಮಿನ ಟಕಟಕ, ಅದರ ಹಿಂದೆ ಎಲ್ಲೋ ಸೊಳ್ಳೆ ಗುಂಯ್‌ಗುಟ್ಟಿದಂಥ ಒಂದೆಳೆ ಸ್ವರ. ಅಂಗಳದ ಕುರ್ಚಿಗಳಲ್ಲಿ ಕೂತಿದ್ದವರು ಮುಖ ಮುಖ ನೋಡಿಕೊಂಡರು.

ಚಾವಡಿಯಲ್ಲಿ ತೀರ್ಥರಾಮನನ್ನು ಮಲಗಿಸಿದ್ದರು. ತಲೆಯ ಹತ್ತಿರ ಒಡೆದ ತೆಂಗಿನಕಾಯಿ ಕಡಿಯಲ್ಲಿ ದೀಪ. ಗುತ್ತಿಗಾರಿನಲ್ಲಿ ರಬ್ಬರ್ ಶೀಟು ತೂಗುವ ಕೆಲಸ ಮಾಡುತ್ತ, ರಜೆ ಸಿಕ್ಕಿದಾಗೆಲ್ಲ ಮದುವೆ, ಶಾಲೆಯ ವಾರ್ಷಿಕೋತ್ಸವ ಅಂತ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತ ಅರುವತ್ತೆರಡು ವರ್ಷ ಬಾಳಿದ ಮನುಷ್ಯ ನಿನ್ನೆ ಊಟ ಮುಗಿಸಿ ಕೈ ತೊಳೆಯಲು ಎದ್ದವನು ಅಲ್ಲೇ ಕೂತುಬಿಟ್ಟಿದ್ದ. ಮತ್ತೆ ಏಳಲಿಲ್ಲ. ಹೋಗುವ ಜೀವ ತನ್ನದೇ ಸಂಗೀತ ಕೇಳಿಕೊಂಡು ಹೋಗಲಿ ಅಂತ ಅಳಿಯ ರೂಪೇಶ್ ಯಾವುದೋ ಹಳೇ ಕಾರ್ಯಕ್ರಮದ ರೆಕಾರ್ಡಿಂಗ್ ಹಾಕಿದ್ದ. ಅವನ ಮನಸ್ಸು ಒಳ್ಳೆಯದೇ.

"ಇದರಲ್ಲಿ ತೀರ್ಥಣ್ಣ ಎಲ್ಲಿದ್ದಾರೆ?" ಹಿರಿಯರೊಬ್ಬರು ಮೆಲ್ಲಗೆ ಕೇಳಿದರು.

"ಅವರದ್ದು ಕೇಳುದಿಲ್ಲ," ಅಂದರು ಪೂವಮ್ಮ, ಗಂಡನ ಅಂಗಿಯ ಕಾಲರು ಸರಿಮಾಡುತ್ತ. "ಯಾವುದರಲ್ಲಿಯೂ ಕೇಳುದಿಲ್ಲ. ಪಾಪ, ಚಂದಕ್ಕೆ ನಿಲ್ಲುದು ಅಷ್ಟೆ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಮಕ್ಕಳು ಓಟದಲ್ಲಿ ಕೊನೆಗೆ ಬಂದರೆ ತಾಯಿ ಹೇಳುವ ಹಾಗೆ ಹೇಳಿದ್ದರು. ಗಿಟಾರು ಯಾಕೆ ಕೇಳುವುದಿಲ್ಲ ಎಂದು ಆ ಅಂಗಳದಲ್ಲಿ ಬಲ್ಲವನು ದುಗ್ಗಪ್ಪನೊಬ್ಬನೇ. ಬೆಟ್ಟಂಪಾಡಿಯ ದುಗ್ಗಪ್ಪ ಮೂವತ್ತೊಂದು ವರ್ಷ ಅದೇ ಆರ್ಕೆಸ್ಟ್ರಾದಲ್ಲಿ ಎಲ್ಲ ಸ್ವರಗಳನ್ನು ಹದಮಾಡುವ ಮಿಕ್ಸರ್ ಹಿಂದೆ ಕೂತವನು. ಎರಡು ಗಂಟೆಗೆ ಹೆಣ ಎತ್ತುವುದೆಂದು ತೀರ್ಮಾನವಾಗಿತ್ತು. ಈಗ ಹನ್ನೆರಡೂವರೆ. ಅಷ್ಟರೊಳಗೆ ಪೂವಮ್ಮನಿಗೆ ಹೇಳದಿದ್ದರೆ ತೀರ್ಥರಾಮ ಚಂದಕ್ಕೆ ನಿಂತವನಾಗಿಯೇ ಸುಟ್ಟುಹೋಗುತ್ತಾನೆ.

*

ಸುಳ್ಯದ ಒಂದು ಮದುವೆ ಹಾಲಿನಲ್ಲಿ, ಇಬ್ಬರಿಗೂ ಇನ್ನೂ ಮೀಸೆ ಕಪ್ಪಿದ್ದಾಗ, ಮೊದಲ ಸಲ ಜೊತೆಯಾಗಿದ್ದರು. ಹಾಡಿನ ನಡುವೆ ಗಿಟಾರಿನ ಬಿಟ್ ಬಂತು. ಹಾಡುವವರು ಸುಮ್ಮನಾಗಿ ಗಿಟಾರೊಂದೇ ಮಾತಾಡುವ ಆ ಅರ್ಧ ನಿಮಿಷವನ್ನು ಆರ್ಕೆಸ್ಟ್ರಾದವರು ಬಿಟ್ ಅನ್ನುವುದು. ಸ್ವರ ಏರಿಸಲು ತೀರ್ಥರಾಮ ಗಿಟಾರಿನ ತಿರುಪು ತಿರುಗಿಸಿದ. ಅದೇ ಹೊತ್ತಿಗೆ ದುಗ್ಗಪ್ಪನೂ ಬುದ್ಧಿವಂತಿಕೆ ತೋರಿಸಲು ಹೋಗಿ ಮಿಕ್ಸರಿನಲ್ಲಿ ಏರಿಸಿದ. ಹಾಲ್ ಇಡೀ ಕುಂಯ್ಯೆಂದು ಕೂಗಿಕೊಂಡಿತು. ಮದುಮಗಳ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು ಎದ್ದೇ ಹೋದರು. ಬಡಿಸುವವನ ಕೈಯ ಸಾರು ಯಾರದೋ ಪಂಚೆಯ ಮೇಲಾಯಿತು.

ಊಟದ ಹೊತ್ತಿಗೆ ತೀರ್ಥರಾಮ ಬಂದು ಪಕ್ಕದಲ್ಲಿ ಕೂತ. ಬೈಯಲಿಲ್ಲ. "ಒಂದು ಕೆಲಸ ಮಾಡುವ ಮಾರಾಯ. ನನ್ನ ಗಿಟಾರಿನ ಸ್ಪೀಕರ್ ಪೆಟ್ಟಿಗೆ ಸ್ಟೇಜಲ್ಲೇ ಉಂಟಲ್ಲ, ಜನಕ್ಕೆ ಅದರಿಂದಲೇ ಕೇಳ್ಲಿ. ನಿನ್ನ ಮಿಕ್ಸರಿಗೆ ಒಂದು ಚಿಟಿಕೆ ಸಾಕು. ಬಿಟ್ ಬಂದಾಗ ನೀನು ಮುಟ್ಟಬೇಡ. ಜಾಸ್ತಿ ಕಡಿಮೆ ನಾನೇ ಮಾಡ್ತೇನೆ."

ಆಮೇಲೆ ಮೂವತ್ತೊಂದು ವರ್ಷ ದುಗ್ಗಪ್ಪ ಮುಟ್ಟಲಿಲ್ಲ, ನೋಡಿದ ಅಷ್ಟೆ. ಹಾಡುವಾಗ ತಿರುಪು ಐದರಲ್ಲಿ. ಹಾಡುವವಳ ಉಸಿರು ಮುಗಿಯುತ್ತಿದ್ದ ಹಾಗೆ ಬಲಗೈಯ ಕಿರುಬೆರಳೊಂದು ಮೆಲ್ಲಗೆ ಚಾಚಿ ತಿರುಪನ್ನು ಎಂಟಕ್ಕೆ ತರುತ್ತಿತ್ತು. ಉಳಿದ ಬೆರಳುಗಳಿಗೆ ಸುದ್ದಿಯೇ ಇಲ್ಲ, ಅವು ತಮ್ಮ ಪಾಡಿಗೆ ತಂತಿ ಮೀಟುತ್ತಲೇ ಇರುತ್ತಿದ್ದವು. ಆಗ ಹಾಲಿನೊಳಗೆ ಏನೋ ಆಗುತ್ತಿತ್ತು. ಪಾಯಸ ಸುರಿಯುತ್ತಿದ್ದವರು ತಲೆ ಎತ್ತುತ್ತಿದ್ದರು, ಜಗಳವಾಡುತ್ತಿದ್ದ ಬೀಗರು ಮಾತು ಮರೆಯುತ್ತಿದ್ದರು, ಫ್ಯಾನುಗಳು ಕೂಡ ನಿಧಾನವಾದಂತೆ ದುಗ್ಗಪ್ಪನಿಗೆ ಅನಿಸುತ್ತಿತ್ತು. ಹಗಲಲ್ಲೇ ಕನಸಿಗೆ ಜಾರಿದ ಹಾಗೆ ಅವನು ಕೂತುಬಿಡುತ್ತಿದ್ದ. ಹಾಡುವವಳು ಮತ್ತೆ ಬಾಯಿ ತೆರೆಯುವ ಮೊದಲೇ ಕಿರುಬೆರಳು ತಿರುಪನ್ನು ಐದಕ್ಕೆ ಇಳಿಸಿರುತ್ತಿತ್ತು. ಅವಳ ಒಂದಕ್ಷರವೂ ಅಡಿಗೆ ಬೀಳುತ್ತಿರಲಿಲ್ಲ. ಯಾರು ಏರಿಸಿದರು, ಯಾರು ಇಳಿಸಿದರು ಎಂದು ಜನಕ್ಕೆ ಗೊತ್ತಾಗುತ್ತಲೇ ಇರಲಿಲ್ಲ, ಚಪ್ಪಾಳೆಯೆಲ್ಲ ಹಾಡುವವಳಿಗೆ.

ರೆಕಾರ್ಡಿಂಗ್ ಮಾತ್ರ ಮಿಕ್ಸರಿನ ವಯರಿನಿಂದ ಹೋಗುತ್ತಿತ್ತು. ಅಲ್ಲಿ ಇದ್ದದ್ದು ಚಿಟಿಕೆಯಷ್ಟೇ ಗಿಟಾರು. ಜನರ ನಡುವೆ ಒಂದು ಮೈಕ್ ನಿಲ್ಲಿಸಿದ್ದರೆ ಎಲ್ಲ ಸರಿಯಾಗುತ್ತಿತ್ತು. ಇನ್ನೊಂದು ಸ್ಟ್ಯಾಂಡು, ಇನ್ನಷ್ಟು ಉದ್ದದ ವಯರು, ಯಾರು ಎಳೆಯುವುದು? ತೀರ್ಥರಾಮ ಒಂದೇ ಒಂದು ಸಲ, ಸಿಡಿಯನ್ನು ಕೈಯಲ್ಲಿ ತಿರುಗಿಸುತ್ತ, ಇದರಲ್ಲಿ ನನ್ನದು ಸ್ವಲ್ಪ ಕಡಿಮೆ ಉಂಟಲ್ಲ ಅಂದಿದ್ದ. ಮುಂದಿನ ಸಲ ನೋಡುವ ಅಂದಿದ್ದ ದುಗ್ಗಪ್ಪ. ಆ ಮುಂದಿನ ಸಲ ಬರಲೇ ಇಲ್ಲ.

*

ಅಂಗಳದಲ್ಲಿ ಬಿಸಿಲು ಮಂಕಾಗಿ ಹರಡಿತ್ತು. ರಾತ್ರಿ ನಿದ್ದೆ ಬಾರದ ದುಗ್ಗಪ್ಪನ ಕಿವಿಗೆ ಎಲ್ಲವೂ ದೂರದಿಂದ ತೇಲಿಬಂದಂತೆ ಕೇಳುತ್ತಿತ್ತು. ಒಳಗೆ ಹೆಂಗಸರ ಅಳು, ಹಿತ್ತಿಲಲ್ಲಿ ಸೌದೆಗೆ ಮಾವಿನ ಮರ ಕಡಿಯುವ ಸದ್ದು, ಗುಡ್ಡದಾಚೆ ಆನೆ ಓಡಿಸಲು ಯಾರೋ ಸಿಡಿಸಿದ ಪಟಾಕಿ. ಎಲ್ಲ ಸ್ವರಗಳೂ ಹದವಾಗಿ ಬೆರೆತಿದ್ದವು, ನಡುವೆ ಒಂದು ಮಾತ್ರ ಇರಲಿಲ್ಲ. ಅವನಿಗೆ ಅಳು ಬಂತು. ಮುಖ ಒರೆಸಿಕೊಂಡು ಹೋಗಿ ಪೂವಮ್ಮನ ಎದುರು ನೆಲದ ಮೇಲೆ ಕೂತ.

"ಅಕ್ಕ, ಒಂದು ಹೇಳ್ಲಿಕ್ಕುಂಟು. ತಪ್ಪು ನನ್ನದು."

ಐದು, ಎಂಟು, ಕಿರುಬೆರಳು, ಮಿಕ್ಸರಿನ ವಯರು, ನಿಲ್ಲಿಸದೆ ಬಿಟ್ಟ ಮೈಕು, ಒಂದನ್ನೂ ಮುಚ್ಚಿಡದೆ ಹೇಳಿದ. ಮಗಳು ಹೇಮಶ್ರೀಯೂ ಹತ್ತಿರ ಬಂದು ಕೂತು ಕೇಳಿದಳು.

ಆಮೇಲೆ ಪೂವಮ್ಮ ಹೇಳಿದ್ದು ದುಗ್ಗಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಮದುವೆಯಾದ ಹೊಸತರಲ್ಲಿ ಗಂಡ ಕ್ಯಾಸೆಟ್ ತಂದುಕೊಟ್ಟಿದ್ದನಂತೆ. ತವರಿನವರೆಲ್ಲ ಸೇರಿ ಕೇಳುವಾಗ ಬಾವ ಒಬ್ಬರು, ತೀರ್ಥರಾಮನ ಗಿಟಾರಿಗೆ ತಂತಿ ಉಂಟಾ ಎಂದು ನಗಾಡಿದರಂತೆ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಟಿಕ್ ಟಿಕ್ ಅಂತ ಹಲ್ಲಿ ಲೊಚಗುಟ್ಟಿದಷ್ಟೇ ಸದ್ದು. ಕರೆಂಟಿನ ಗಿಟಾರು ಕೇಳಲು ಪೆಟ್ಟಿಗೆ ಬೇಕೆಂದು, ಆ ಪೆಟ್ಟಿಗೆ ಯಾವಾಗಲೂ ದುಗ್ಗಪ್ಪನ ವ್ಯಾನಿನಲ್ಲೇ ಇರುವುದೆಂದು ಪೂವಮ್ಮನಿಗೆ ಯಾರು ಹೇಳಬೇಕು?

"ಬಾ ಅಂತ ಎಷ್ಟು ಸಲ ಕರೆದಿದ್ದಾರೆ. ನಾನೇ ಹೋಗ್ಲಿಲ್ಲ. ಅಷ್ಟು ಜನರ ಎದುರು ಅವರು ಸುಮ್ಮನೆ ನಿಂತದ್ದನ್ನು ನಾನು ನೋಡಿದ್ರೆ ಅವರಿಗೆ ಬೇಜಾರಾಗ್ತದಲ್ಲ ಅಂತ." ಅವರು ಗಂಡನ ಮುಖ ನೋಡಿದರು. "ನನಗೆ ಸಂಗೀತ ಆಗುದಿಲ್ಲ ಅಂತ ಗ್ರಹಿಸಿದ್ರು ಅವರು. ಹಾಗೇ ಗ್ರಹಿಸಿಕೊಂಡು ಹೋದ್ರು ದುಗ್ಗಪ್ಪಣ್ಣ."

ಹೇಮಶ್ರೀ ಅಮ್ಮನ ಕೈ ಹಿಡಿದುಕೊಂಡಳು. ಅಪ್ಪನ ಗಿಟಾರು ಎಲ್ಲಿಯಾದರೂ ಒಂದು ಕಡೆ ಉಳಿದಿರಬಹುದಾ ಮಾವ, ಎಂದು ಕೇಳಿದಳು. ತನ್ನ ಹತ್ತಿರ ಇರುವುದೆಲ್ಲ ವಯರಿನದ್ದೇ ಎಂದು ಹೇಳಲು ಬಾಯಿ ತೆರೆದ ದುಗ್ಗಪ್ಪ ಅರ್ಧಕ್ಕೇ ನಿಂತ. ಜನರ ನಡುವೆ ಅವನು ಮೈಕ್ ನಿಲ್ಲಿಸಿರಲಿಲ್ಲ, ನಿಜ. ಆದರೆ ಈಗೀಗ ಜನರೇ ಕೈಯಲ್ಲಿ ಮೈಕ್ ಹಿಡಿದುಕೊಂಡು ಬರುತ್ತಾರೆ.

ಅಂಗಳದ ಮೂಲೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಅರುವತ್ತು ದಾಟಿದ ದುಗ್ಗಪ್ಪ ಅದರ ಮೇಲೆ ಹತ್ತಿ ನಿಂತು, ಸೌಂಡ್ಸ್‌ನವರ ಗ್ರೂಪು, ಆರ್ಕೆಸ್ಟ್ರಾದವರ ಗ್ರೂಪು, ಹಾಲ್ ಮಾಲೀಕರು, ಮದುವೆ ಮನೆಯವರು, ನಂಬರಿದ್ದವರಿಗೆಲ್ಲ ಒಂದೇ ಮಾತು ಹೇಳಿ ಕಳಿಸಿದ. ನಮ್ಮ ಕಾರ್ಯಕ್ರಮಕ್ಕೆ ಬಂದು ಫೋನಿನಲ್ಲಿ ಏನಾದರೂ ಹಿಡಿದವರಿದ್ದರೆ ಈಗಲೇ ಕಳಿಸಿ, ಎರಡು ಗಂಟೆ ಆಗುವ ಮೊದಲು.

ಬಂದವು. ಡ್ರಮ್ ಬಾರಿಸುವ ಸಾಬಿತ್ ಕಳಿಸಿದ್ದರಲ್ಲಿ ಹಾಡುವವಳ ಮುಖ ಮಾತ್ರ, ಬಿಟ್ ಶುರುವಾಗುವಷ್ಟರಲ್ಲಿ ಕಡಿದುಹೋಗಿತ್ತು. ಇನ್ನೊಂದರಲ್ಲಿ ಐಸ್‌ಕ್ರೀಮ್ ತಿನ್ನುವವರ ಗಲಾಟೆಯೇ ಎಲ್ಲ. ಒಂದೂಮುಕ್ಕಾಲಾಯಿತು. ಚಟ್ಟ ಕಟ್ಟಿ ಅಂಗಳಕ್ಕೆ ತಂದಿಟ್ಟರು, ತೀರ್ಥರಾಮನನ್ನು ಅದರ ಮೇಲೆ ಮಲಗಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಟ್ಟರು. ದುಗ್ಗಪ್ಪ ಫೋನು ಹಿಡಿದು ಕಲ್ಲಿನ ಮೇಲೆ ನಿಂತೇ ಇದ್ದ.

ಕೊನೆಗೆ, ಯಾರ ಮೂಲಕವೋ ಸುದ್ದಿ ಮುಟ್ಟಿದ ಕಾಣಿಯೂರಿನ ಝುಬೈದಾ ಎಂಬವರಿಂದ ಒಂದು ಬಂತು. ಹೋದ ವರ್ಷ ಪಕ್ಕದ ಮನೆಯ ಮದುವೆಗೆ ಹೋಗಿದ್ದಾಗ ಮೊಮ್ಮಗಳು ಜುಮಾನಾ ಕುಣಿದದ್ದು, ಬೇಕಾದದ್ದು ಇದರಲ್ಲಿ ಉಂಟೋ ಇಲ್ಲವೋ ಗೊತ್ತಿಲ್ಲ ಅಂತ ಜೊತೆಗೆ ಹೇಳಿದ್ದರು. ವಿಡಿಯೋ ಪೂರ್ತಿ ಇಳಿಯುವವರೆಗೆ ಕಾದು, ದುಗ್ಗಪ್ಪ ಕಲ್ಲಿನಿಂದ ಜಾರುತ್ತಲೇ ಇಳಿದು, ಫೋನನ್ನು ಪೂವಮ್ಮನ ಕೈಯಲ್ಲಿಟ್ಟ. ತಾನೇ ಮೊದಲು ಕೇಳಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಹಳದಿ ಫ್ರಾಕಿನ ನಾಲ್ಕು ವರ್ಷದ ಮಗುವೊಂದು ಕುರ್ಚಿಗಳ ನಡುವೆ ಗಿರಗಿರ ತಿರುಗುತ್ತಿತ್ತು. ಸ್ಟೇಜು ಕಾಣುತ್ತಿರಲಿಲ್ಲ. ಎಲ್ಲಿಂದಲೋ ಹಾಡು, ಜನರ ಮಾತು, ಪಾತ್ರೆಗಳ ಸದ್ದು. ಅವೆಲ್ಲದರ ಅಡಿಯಲ್ಲಿ ಗಿಟಾರಿನ ಸಣ್ಣ ಸ್ವರ. ಪೂವಮ್ಮ ತಲೆ ಬಗ್ಗಿಸಿ ಕಿವಿಗೊಟ್ಟರು. ಅತ್ತೆಗೆ ಕೇಳುತ್ತಿಲ್ಲವೇನೋ ಎಂದು ರೂಪೇಶ್ ವಾಲ್ಯೂಮ್ ಒತ್ತಲು ಕೈ ಚಾಚಿದ.

ಪೂವಮ್ಮ ಫೋನನ್ನು ಎದೆಯ ಹತ್ತಿರ ಎಳೆದುಕೊಂಡರು.

"ಮುಟ್ಟಬೇಡಿ," ಅಂದರು. "ಈಗ ಅವರೇ ಜಾಸ್ತಿ ಮಾಡ್ತಾರೆ."

ಹಾಡುವವಳು ಸುಮ್ಮನಾದಳು. ಚಟ್ಟ ಎತ್ತಲು ಬಗ್ಗಿದ್ದ ನಾಲ್ವರು, ಬಿದಿರಿಗೆ ಕೈ ಹಾಕಿ, ಬಗ್ಗಿದವರು ಬಗ್ಗಿದ ಹಾಗೆಯೇ ನಿಂತರು.