ಸುಣ್ಣ ಬಳಿದ ಗೋಡೆ

ಹಸಿ ಸುಣ್ಣದ ವಾಸನೆ, ಓಣಿ ತಿರುಗಿದ ಕೂಡಲೇ ಮೂಗಿಗೆ ಅಡರಿದ ವಾಸನೆ, ಮಳೆಗಾಲ ಬಾಗಿಲಿಗೆ ಬಂದು ನಿಂತಿರುವಾಗ ಸುಣ್ಣ ಹೊಡೆಯುವ ಪುಣ್ಯಾತ್ಮರು ಯಾರಪ್ಪಾ ಎಂದುಕೊಳ್ಳುತ್ತ ಬಸಲಿಂಗಯ್ಯ ಮುಂದೆ, ಪುರಸಭೆಯ ಇಂಜಿನಿಯರ್ ಉದಯಕುಮಾರ ಹಿಂದೆ, ಮೆಟ್ಟಿಲಿಳಿದು ತಿರುಗಿ ನೋಡಿದರೆ — ಶಿವನೇ — ತಾನು ತೋರಿಸಬೇಕಿದ್ದ ಗೋಡೆಯೇ, ಹಳಿಯಾಳದ ಕೋಟೆ ಕಾಲದ ಕಲ್ಲಿನ ಗೋಡೆ, ಮೇಲೆ ತನ್ನ ಮನೆ ಅಂಗಳ ಜಾರದಂತೆ ಹಿಡಿದು ನಿಂತ ಗೋಡೆ, ಈಗ ಬೆಳ್ಳಗೆ ಬೆಳ್ಳಗೆ, ಬುಡಕ್ಕೆ ಕೆಮ್ಮಣ್ಣಿನ ಕಾರಣೆಯ ಪಟ್ಟಿ, ನಡುವೆ ರಂಗೋಲಿಯ ಎಳೆ, ಥೇಟ್ ಕನ್ಯಾ ತೋರಿಸಲು ಕೂರಿಸಿದ ಹುಡುಗಿ, ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಈರಕ್ಕ, ತನ್ನ ಹೆಂಡತಿ, ನಗುತ್ತಿದ್ದಾಳೆ, ಬರ್ರಿ ಸಾಹೇಬ್ರ, ಬರ್ರಿ, ಹೆಂಗ ಐತ್ರಿ ನಮ್ಮ ಗ್ವಾಡಿ? ಬಿರುಕು ಎಲ್ಲಿ, ಎದೆಮಟ್ಟದಿಂದ ಬುಡದವರೆಗೆ ಬಾಯಿಬಿಟ್ಟಿದ್ದ ಬಿರುಕು, ಮಣ್ಣು ಮೆತ್ತಿ ಮುಚ್ಚಿಬಿಟ್ಟಿದ್ದಾಳೆ ಪುಣ್ಯಾತಗಿತ್ತಿ, ನಾನಾದರೂ ಏನು ಹೇಳಿ ಹೋಗಿದ್ದೆ, ನಿನ್ನೆ ಪಾಳಾ ಊರಿನ ತಂಗಿಯ ಮನೆಗೆ ರಾತ್ರಿ ಉಳಿಯಲು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅಂದದ್ದು ಇಷ್ಟೇ, ನಾಳೆ ಸರಕಾರದವ್ರು ಗ್ವಾಡಿ ನೋಡಾಕ ಬರ್ತಾರ, ನೋಡಾಕ ಬರ್ತಾರ ಅಂದರೆ ಇವಳು ಸುಮ್ಮನಿರುತ್ತಾಳೆಯೇ, ಮನೆಗೆ ಯಾರೇ ಬರಲಿ ಸಾರಿಸಿ ಸುಣ್ಣ ಬಳಿಯದೆ ಅನ್ನ ಇಳಿಯದವಳು, ಮದುವೆಯಾಗಿ ಬಂದ ಹೊಸತರಲ್ಲಿ ಅಂಚೆಯವ ದಿನಾ ಬರ್ತಾನ ಅಂತ ಕಟ್ಟೆಗೆ ದಿನಾ ಸುಣ್ಣದ ಬೊಟ್ಟು ಇಡುತ್ತಿದ್ದವಳು, ನಗು ಬರುತ್ತಿದೆ, ಅಳುವೂ. ಇಂಜಿನಿಯರ್ ಮೊಬೈಲ್ ಹಿಡಿದು ಗೋಡೆಯುದ್ದಕ್ಕೂ ಓಡಾಡುತ್ತಿದ್ದಾರೆ.

ಅಯ್ಯನೋರ, ಬಿರುಕು ಫೋಟೋದಾಗ ಕಾಣಬೇಕ್ರಿ, ಕಾಣದಿದ್ರ ಮ್ಯಾಲಿನವ್ರು ಅನುದಾನ ಮಂಜೂರು ಮಾಡಂಗಿಲ್ಲ, ಬ್ಯಾಸಗಿ ಮುಗೀತು, ಮುಂದ ದೀಪಾವಳಿಗೇ ಮತ್ತ ನಾ ಬರೋದು — ಮೆಲ್ಲಗೆ ಅಂದರು, ಒಳ್ಳೆಯ ಮನುಷ್ಯ, ದೀಪಾವಳಿ ಅಂದರೆ ಮಳೆಯೆಲ್ಲ ಸುರಿದ ಮೇಲೆ, ಅಲ್ಲಿಯವರೆಗೆ ಈ ಗೋಡೆ ನಿಲ್ಲುತ್ತದೆಯೇ, ಗೋಡೆಯ ಬುಡಕ್ಕೇ ಮಾಲವ್ವನ ಮನೆ, ತಗಡಿನ ಮಾಡು, ಅದರ ಕೆಳಗೆ ಮೊಮ್ಮಗಳ ತೊಟ್ಟಿಲು, ಮಂದಿ ಹಿತ್ತಲದ ಗ್ವಾಡಿಗೆ ಊರ ರೊಕ್ಕ ಯಾಕ ಅಂತ ಪುರಸಭೆಯ ಸಭೆಯಲ್ಲಿ ಒಬ್ಬ ಕೇಳಿದ್ದ, ಮನಿ ನಂದು, ಗ್ವಾಡಿ ಊರಿಂದು, ಬಿದ್ರ ನನ್ನ ಮ್ಯಾಲೆ ಬೀಳಂಗಿಲ್ಲ, ಆ ಕೂಸಿನ ಮ್ಯಾಲೆ ಬೀಳತೈತಿ ಅಂದಿದ್ದೆ, ಆಮೇಲೆ ಒಪ್ಪಿದರು, ಅಲೆದು ಅಲೆದು ಇವರನ್ನು ಇಲ್ಲಿಗೆ ಕರೆತಂದರೆ, ಈಗ ಇದು. ಕೆರೆಯಬೇಕು, ಕೆರೆದರೆ ಕಾಣುತ್ತದೆ, ಆದರೆ ಕೆರಿ ಅಂತ ಯಾವ ಬಾಯಲ್ಲಿ ಹೇಳಲಿ, ನಿನ್ನೆಯಿಡೀ ಒಬ್ಬಳೇ ಬಳಿದಿದ್ದಾಳೆ, ಮಂಡಿನೋವಿನವಳು, ನಾನು ನೋಡಿ ಬೆರಗಾಗಿ ಶಾಬಾಸ್ ಅನ್ನಲಿ ಅಂತ ಕಾದಿದ್ದಾಳೆ, ಕೈ ನೋಡು, ಸುಣ್ಣಕ್ಕೆ ಸುಟ್ಟು ಬಿರಿದ ಬೆರಳು, ಪ್ರತಿ ಮಳೆಗಾಲ ಮುಗಿದ ಕೂಡಲೇ ಬಿರುಕಿಗೆ ಇಟ್ಟು ನೋಡುತ್ತಿದ್ದ ಬೆರಳು, ಮೊದಲು ಕಿರುಬೆರಳು ಹೋಗುತ್ತಿತ್ತು, ಆಮೇಲೆ ಎರಡು ಬೆರಳು, ಈ ಸಲ ಏನ್ರೀ, ಅಂಗೈನ ಹೋತು ಒಳಗ ಅಂದಿದ್ದಳು, ಅಂದು ಇಬ್ಬರೂ ಊಟ ಮಾಡಿರಲಿಲ್ಲ.

ಯಾಕ ಇಬ್ರೂ ಸುಮ್ಕ ನಿಂತ್ರಿ? ಚಲೋ ಇಲ್ಲೇನು? ಚಲೋ ಐತಿ ಈರಾ, ಭಾಳ ಚಲೋ ಐತಿ, ಅಂದುಬಿಟ್ಟ, ಸುಳ್ಳಲ್ಲ, ಇಷ್ಟು ಚೆಂದ ಈ ಗೋಡೆ ಎಂದೂ ಕಂಡಿರಲಿಲ್ಲ, ಆದರ ಅಮ್ಮಾರ ಅಂತ ಇಂಜಿನಿಯರ್ ಬಾಯಿ ತೆಗೆದರು, ಬಿರುಕು ಕಾಣಬೇಕಿತ್ತು ಅಂದರು, ಈರಕ್ಕನ ನಗು ಅಲ್ಲೇ ಇಂಗಿತು, ಅಯ್ಯ ನನ್ನ ಕರ್ಮಾ, ನೋಡಾಕ ಬರೋದಂದ್ರ ಹರದಿದ್ದನ್ನ ನೋಡಾಕ? ತಗಡಿನ ಕೆಳಗೆ ಕೂಸು ಕುಂಯ್ ಅಂದಿತು. ಅವಳು ಅತ್ತ ನೋಡಿದಳು, ಗಂಡನನ್ನು ನೋಡಿದಳು, ಸೆರಗಿನಿಂದ ರಂಗೋಲಿ ಒರೆಸಿದಳು, ಇನ್ನೂ ಹಸಿಯಿದ್ದ ಮಣ್ಣಿಗೆ ಕೈ ಹಾಕಿದಳು, ಬ್ಯಾಡ ಈರಾ, ನಾ ಕೆರೀತೇನಿ, ಸುಡತೈತಿ, ಬಿಡ — ಕೇಳುತ್ತಾಳೆಯೇ, ಬಗೆದಳು, ಬಗೆದಳು, ಮಣ್ಣು ಕಾಲಮೇಲೆ ಬಿತ್ತು, ಕಪ್ಪು ಬಾಯಿ ಮತ್ತೆ ತೆರೆಯಿತು, ಅದರೊಳಗೆ ಅಂಗೈ ಇಟ್ಟು ತಿರುಗಿ, ತಗೀರಿ ಸಾಹೇಬ್ರ ಫೋಟೋ, ಇಷ್ಟು ಹೋಗತೈತಿ ನೋಡ್ರಿ, ಕೈ ತಗೀರಿ ಅಮ್ಮಾರ, ಬಿರುಕಷ್ಟೇ ಸಾಕು ಅನ್ನುತ್ತಿದ್ದಾರೆ ಅವರು, ಬ್ಯಾಡ್ರಿ, ಇರಲಿ, ಮ್ಯಾಲಿನವ್ರು ನೋಡಲಿ, ಅನ್ನಬೇಕೆನಿಸಿತು ಬಸಲಿಂಗಯ್ಯನಿಗೆ, ಕಣ್ಣು ಅವಳ ಕೈಯಿಂದ ಕದಲುತ್ತಿಲ್ಲ, ಬಿರುಕಿನ ಕತ್ತಲಲ್ಲಿ ಬಿಳಿ ಬೆರಳು — ಮಣಿಕಟ್ಟಿನವರೆಗೆ ಒಳಗೆ — ಬಿಳಿ ಬೆರಳು —