ಎರಡು ಕಡೆಯ ತಾಳೆ

"ಬಾಯಿ ಮುಚ್ಚು! ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು," ತಿರುಮಲೇಶ್ವರ ಮೇಜಿನ ಮೇಲಿದ್ದ ಫೋನಿಗೆ ಕಿರುಚಿದ. "ಕಳೆದ ಸೋಮವಾರ ಹೊಸ ಡಿಸ್ಕ್ ಹಾಕಿದ್ದು ನೀನಾ, ನಿನ್ನ ಅಜ್ಜನಾ?"

"ನಾನೇ, ತಿರುಮಲಣ್ಣ. ಆದ್ರೆ ಡಿಸ್ಕಿಂದ ಹೀಗೆ ಆಗ್ಲಿಕ್ಕಿಲ್ಲ."

"ಆಗ್ಲಿಕ್ಕಿಲ್ಲ ಅಂತೆ! ಮತ್ತೆ ಇಲ್ಲಿ ಲೋಡ್ ನೂರೆಂಬತ್ತು ಅಂತ ತೋರಿಸ್ತಾ ಉಂಟಲ್ಲ, ಅದೆಂತ, ನನ್ನ ಬಿಪಿಯಾ?"

ಫೋನಿನ ಆ ಕಡೆ, ಕೊಚ್ಚಿಯ ಆಫೀಸಿನಲ್ಲಿದ್ದವಳು ನವ್ಯಾ. ಈ ಕಡೆ, ಕಳಕ್ಕೂಟಂನ ಆಫೀಸಿನ ಐದನೇ ಮಹಡಿಯಲ್ಲಿ, ಮ್ಯಾನೇಜರ್ ಕೃಷ್ಣಕುಮಾರ್ ಕೈಕಟ್ಟಿ ನಿಂತಿದ್ದ. ಮೂವರೂ ಕಾಸರಗೋಡಿನ ಕಡೆಯವರು. ಬೇರೆ ಯಾರೂ ಇಲ್ಲದಾಗ ಕನ್ನಡದಲ್ಲೇ ಮಾತಾಡುತ್ತಿದ್ದರು, ಕನ್ನಡದಲ್ಲೇ ಜಗಳವಾಡುತ್ತಿದ್ದರು.

ಅವರ ಕಂಪನಿ ಒಂದು ಕಣ್ಣಾಸ್ಪತ್ರೆಯ ಸ್ಕ್ಯಾನ್ ಚಿತ್ರಗಳನ್ನು ಕಾಪಾಡಿಕೊಡುತ್ತಿತ್ತು. ಕಳಕ್ಕೂಟಂನಲ್ಲಿ ಎಂಟು ಸರ್ವರು, ಕೊಚ್ಚಿಯಲ್ಲಿ ಆರು. ಪ್ರತಿ ಚಿತ್ರದ ಒಂದು ಪ್ರತಿ ಇಲ್ಲಿ, ಇನ್ನೊಂದು ಅಲ್ಲಿ. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯಬೇಕು ಎಂಬ ಏರ್ಪಾಡು. ಸರ್ವರುಗಳ ಮೇಲಿನ ಲೋಡ್ ಸಾಮಾನ್ಯವಾಗಿ ನಾಲ್ಕೋ ಐದೋ ಇರುತ್ತದೆ. ಶುಕ್ರವಾರ ಮೂವತ್ತಕ್ಕೆ ಏರಿತ್ತು. ಇವತ್ತು ಬೆಳಿಗ್ಗೆ ಹದಿನಾಲ್ಕು ಸರ್ವರುಗಳೂ ಏದುಸಿರು ಬಿಡುತ್ತಿದ್ದವು.

ಕೊಚ್ಚಿಯಲ್ಲಿ ಇನ್ನೊಂದು ಫೋನ್ ರಿಂಗಾದದ್ದು ಇಲ್ಲಿಗೂ ಕೇಳಿಸಿತು. ಆಸ್ಪತ್ರೆಯ ಸ್ಕ್ಯಾನ್ ಕೋಣೆಯ ಫಾತಿಮಾ, ನವ್ಯಾಳಿಗೆ ಚೇಚಿ, ಅಂದರೆ ಅಕ್ಕ. ಆಕೆಯ ಮಲಯಾಳ ಅಷ್ಟು ದೂರದಿಂದಲೂ ಸ್ಪಷ್ಟವಾಗಿತ್ತು. "ಮಗಳೇ, ಒಂದು ಚಿತ್ರ ತೆರೆಯೋಕೆ ಹನ್ನೊಂದು ನಿಮಿಷ! ಡಾಕ್ಟರು ಚಿತ್ರ ನೋಡೋದರೊಳಗೆ ಪಾಪೆ ಅಗಲ ಮಾಡೋಕೆ ಕಣ್ಣಿಗೆ ಹಾಕಿದ ಔಷಧಿ ಇಳಿದುಹೋಗ್ತದೆ. ಎಲ್ಲರಿಗೂ ಎರಡನೇ ಸಲ ಹನಿ ಹಾಕಿದ್ದೇನೆ. ಮೂರನೇ ಸಲ ಹೋದರೆ ಈ ಅಜ್ಜಂದಿರು ಬಾಟಲಿ ಕಿತ್ತುಕೊಂಡು ನನ್ನ ಕಣ್ಣಿಗೇ ಹಾಕಿಯಾರು."

"ಸ್ವಲ್ಪ ಹೊತ್ತು, ಚೇಚಿ. ನೋಡ್ತಾ ಇದ್ದೇವೆ," ಎಂದಳು ನವ್ಯಾ.

ಕೃಷ್ಣಕುಮಾರ್ ಫೋನಿನ ಮಾತು ಆಚೆ ಕೇಳದಂತೆ ಬಟನ್ ಒತ್ತಿದ. "ತಿರುಮಲಣ್ಣ, ಆಸ್ಪತ್ರೆಯಿಂದ ಮೇಲ್ ಬಂದಿದೆ. ಸಂಜೆ ನಾಲ್ಕು ಗಂಟೆಯೊಳಗೆ ಕಾರಣ ಹೇಳ್ಬೇಕು, ಮಾಡಿದವರ ಹೆಸರು ಕೊಡ್ಬೇಕು. ಹೆಸರು ಹೋದವರು ಇನ್ನು ಅವರ ಕೆಲಸ ಮುಟ್ಟುವ ಹಾಗಿಲ್ಲ. ನಾನು ನವ್ಯಾ ಅಂತ ಬರೆದಿಟ್ಟಿದ್ದೇನೆ. ಹೇಗೂ ಅವಳ ಪ್ರೊಬೇಷನ್ ಈ ವಾರಕ್ಕೆ ಮುಗೀತದೆ."

"ಕಾರಣ ಗೊತ್ತಾಗುವ ಮೊದಲೇ ಹೆಸರು ಬರೆದಿರಾ?"

"ನೀವೇ ಈಗ ಅವಳಿಗೆ ಬೈದದ್ದಲ್ವಾ?"

"ಬೈಯುವುದು ನನ್ನ ಬಾಯಿಚಟ. ನಾನು ಕ್ಯಾಂಟೀನಿನ ಚಹಕ್ಕೂ ಬೈತೇನೆ, ಆದ್ರೂ ಕುಡೀತೇನಲ್ಲ! ಒಬ್ಬಳ ಹೆಸರು ಅಲ್ಲಿಗೆ ಹೋದ್ರೆ ಮತ್ತೆ ಯಾವ ಆಸ್ಪತ್ರೆಯವರೂ ಅವಳನ್ನು ಸರ್ವರಿನ ಹತ್ತಿರ ಬಿಡುವುದಿಲ್ಲ, ಗೊತ್ತುಂಟಾ ನಿಮಗೆ? ಅವಳು ಮೊದಲು ಇದ್ದ ಎರಡು ಕಂಪನಿಗಳು ಬಾಗಿಲು ಹಾಕಿದ್ವು. ಇದು ಮೂರನೇದು."

"ಹಾಗಾದ್ರೆ ಬೇರೆ ಕಾರಣ ತೋರಿಸಿ," ಎಂದು ಕೃಷ್ಣಕುಮಾರ್ ಕುರ್ಚಿ ಎಳೆದು ಕುಳಿತ.

ತಿರುಮಲೇಶ್ವರನಿಗೆ ಐವತ್ತೆರಡು. ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಕೇಬಲ್ ಎಳೆಯುವ ಕೆಲಸಕ್ಕೆ ಸೇರಿ, ಯಂತ್ರದಿಂದ ಯಂತ್ರಕ್ಕೆ ಕಲಿಯುತ್ತ ಇಲ್ಲಿವರೆಗೆ ಬಂದವನು. ಅವನು ಹೊಸ ಡಿಸ್ಕ್‌ಗಳನ್ನು ಒಂದೊಂದಾಗಿ ನೋಡಿದ. ನವ್ಯಾ ಹೇಳಿದ್ದು ನಿಜ, ಅವುಗಳಲ್ಲಿ ದೋಷವಿರಲಿಲ್ಲ. ಎರಡು ಊರುಗಳ ನಡುವಿನ ಲೈನು ನೋಡಿದ. ತುಂಬಿ ಹರಿಯುತ್ತಿತ್ತು, ಆದರೆ ಕಡಿದಿರಲಿಲ್ಲ. ಆಸ್ಪತ್ರೆಯಿಂದ ಬರುವ ಚಿತ್ರಗಳು ಎಂದಿನಷ್ಟೇ ಇದ್ದವು. ಹಾಗಾದರೆ ಫೈಲುಗಳನ್ನು ಇಷ್ಟೊಂದು ಓದುತ್ತಿರುವವರು ಯಾರು?

ಕೃಷ್ಣಕುಮಾರ್ ಒತ್ತಿದ್ದ ಬಟನ್ ಬಿಡಿಸಿ ಅವನು ಫೋನಿಗೆ ಬಾಗಿದ. "ನವ್ಯಾ, ಈ ಒಂದು ವಾರದಲ್ಲಿ ನೀನು ಬೇರೆ ಎಂತ ಬದಲು ಮಾಡಿದ್ದೀ? ನೆನಪು ಮಾಡಿ ಹೇಳು."

"ಏನೂ ಇಲ್ಲ, ತಿರುಮಲಣ್ಣ. ದೇವರಾಣೆ."

ಕೊನೆಗೆ ಅವನು ಒಟ್ಟು ಎಷ್ಟು ಫೈಲುಗಳಿವೆ ಎಂದು ನೋಡಿದ. ನಲವತ್ತು ಲಕ್ಷ ಇರಬೇಕಾದಲ್ಲಿ ಮೂರು ಕೋಟಿ ಇದ್ದವು. ನೋಡುತ್ತಿರುವಂತೆಯೇ ಸಂಖ್ಯೆ ಏರುತ್ತಿತ್ತು. ಒಂದು ಫೋಲ್ಡರ್ ತೆರೆಯಲು ಹೇಳಿ ಕಾದ. ಏಳು ನಿಮಿಷದ ಮೇಲೆ ಅದು ತೆರೆಯಿತು. ಯಾರೋ ಒಬ್ಬರ ಬಲಗಣ್ಣಿನ ಒಂದೇ ಚಿತ್ರ. ಅದರ ಕೆಳಗೆ ಪುಟ್ಟ ಪುಟ್ಟ ಫೈಲುಗಳ ಸಾಲು, ಮುಗಿಯದ ಸಾಲು. ಅವುಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿತ್ತು, ಮಾತು ಕನ್ನಡದ್ದು: ಸರಿ ಉಂಟು. ಸರಿ ಉಂಟು, ಸರಿ ಉಂಟು. ಸರಿ ಉಂಟು, ಸರಿ ಉಂಟು, ಸರಿ ಉಂಟು.

ತಿರುಮಲೇಶ್ವರ ಕನ್ನಡಕ ತೆಗೆದ.

ಆ ಮಾತು ಅವನದು. ಏಳು ವರ್ಷದ ಹಿಂದೆ ಒಂದು ಡಿಸ್ಕ್ ಕೆಟ್ಟು, ಇನ್ನೊಂದು ಕಡೆಯ ಪ್ರತಿ ಮೊದಲೇ ಹಾಳಾಗಿದ್ದದ್ದು ಯಾರಿಗೂ ಗೊತ್ತಿರದೆ, ಒಬ್ಬ ಹೆಂಗಸಿನ ಕಣ್ಣಿನ ಚಿತ್ರ ಎರಡೂ ಕಡೆ ಬರೀ ಕಪ್ಪಾಗಿ ಬಂದಿತ್ತು. ಅದರ ಮರುವಾರವೇ ಅವನು ಒಂದು ಪ್ರೋಗ್ರಾಂ ಬರೆದ. ಹೊಸ ಫೈಲು ಬಂದಾಗಲೆಲ್ಲ ಅದು ಎರಡೂ ಪ್ರತಿಗಳನ್ನು ಓದಿ ತಾಳೆ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ಪಕ್ಕದಲ್ಲಿ ತನ್ನ ಊರಿನ ಹೆಸರಿರುವ ಒಂದು ಪುಟ್ಟ ಫೈಲನ್ನು, ಒಂದು ಚೀಟಿಯಂತೆ, ಇಡುತ್ತದೆ. ತನ್ನ ಊರಿನ ಹೆಸರಿನ ಚೀಟಿಯನ್ನು ಮತ್ತೆ ತಾಳೆ ನೋಡಬೇಡ ಎಂದೂ ಅದಕ್ಕೆ ಹೇಳಿದ್ದ. ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಬೆಳಿಗ್ಗೆ ಯಾವ ಯಾವ ಪ್ರೋಗ್ರಾಂ ಓಡುತ್ತಿವೆ ಎಂದು ಕೃಷ್ಣಕುಮಾರ್ ಪಟ್ಟಿ ಕೇಳಿದಾಗ ಇದನ್ನು ಬರೆದೂ ಇರಲಿಲ್ಲ. ಸರಿ ಇದೆಯಾ ಎಂದು ನೋಡುವುದನ್ನು ಅವನು ಕೆಲಸವೆಂದು ಎಣಿಸಿರಲಿಲ್ಲ.

ಆದರೆ ಚೀಟಿಗಳಲ್ಲಿ ಅರ್ಧ ಕಳಕ್ಕೂಟಂನವು, ಇನ್ನರ್ಧ ಕೊಚ್ಚಿಯವು.

"ನವ್ಯಾ," ಅವನ ದನಿ ಇಳಿದಿತ್ತು. "ತಾಳೆ ನೋಡುವ ಪ್ರೋಗ್ರಾಂ ಅಲ್ಲಿಯೂ ಹಾಕಿದ್ದೀಯಾ?"

"ಹಾಂ. ಡಿಸ್ಕ್ ಹಾಕಿದ ದಿನವೇ. ನಿಮ್ಮದನ್ನೇ ನಕಲು ಮಾಡಿ ಊರಿನ ಹೆಸರು ಮಾತ್ರ ಬದಲಿಸಿದೆ... ಅಯ್ಯೋ ದೇವರೇ."

ಅವಳಿಗೂ ಹೊಳೆಯಿತು. ಕಳಕ್ಕೂಟಂ ಇಟ್ಟ ಚೀಟಿ ಕೊಚ್ಚಿಗೆ ಹೊಸ ಫೈಲಿನಂತೆ ಕಾಣುತ್ತಿತ್ತು. ಅದನ್ನೂ ತಾಳೆ ನೋಡಿ ಕೊಚ್ಚಿ ತನ್ನ ಚೀಟಿ ಇಡುತ್ತಿತ್ತು. ಅದು ಕಳಕ್ಕೂಟಂಗೆ ಹೊಸದು. ಒಂದು ವಾರದಿಂದ ಎರಡು ಊರುಗಳೂ ಹಗಲು ರಾತ್ರಿ ಒಂದಕ್ಕೊಂದು ಸರಿ ಉಂಟು, ಸರಿ ಉಂಟು ಎಂದು ಹೇಳಿಕೊಳ್ಳುತ್ತ ಸುಸ್ತಾಗಿದ್ದವು.

"ಏನು ಬದಲು ಮಾಡಿದ್ದೀ ಅಂತ ಕೇಳಿದಾಗ ಎಂತಕ್ಕೆ ಹೇಳ್ಲಿಲ್ಲ?"

"ಅದು ಬದಲು ಅಂತ ಅನಿಸ್ಲೇ ಇಲ್ಲ. ಜಾಗ್ರತೆ ಅಷ್ಟೇ ಅಂತ... ಪ್ರೊಬೇಷನ್ ಮುಗಿದ ಮೇಲೆ ನಿಮಗೆ ತೋರಿಸುವಾ ಅಂತ ಇದ್ದೆ."

"ನನ್ನದೇ ಎಂತಕ್ಕೆ ಬೇಕಿತ್ತು ಮಾರಾಯ್ತಿ? ಪೇಟೆಯಲ್ಲಿ ಬೇರೆ ಸಿಗ್ಲಿಲ್ವಾ?"

"ನಿಮ್ಮದನ್ನು ಪೂರ್ತಿ ಓದಿದ್ದೇನೆ, ತಿರುಮಲಣ್ಣ. ಪ್ರತಿ ಸಾಲಿನ ಮೇಲೆ ಎಂತಕ್ಕೆ ಹೀಗೆ ಅಂತ ಬರೆದಿದ್ದೀರಿ. ಆ ಹೆಂಗಸಿನ ಚಿತ್ರ ಹೋದದ್ದೂ ಬರೆದಿದ್ದೀರಿ. ಕೆಲಸ ಹೇಗೆ ಮಾಡ್ಬೇಕು ಅಂತ ನನಗೆ ಗೊತ್ತಾದದ್ದು ಅದನ್ನು ಓದಿದ ಮೇಲೆ."

ತಿರುಮಲೇಶ್ವರನ ಕೈಕೆಳಗೆ ಎಷ್ಟೋ ಹುಡುಗರು ಬಂದು ಹೋಗಿದ್ದರು. ಅವನ ಬೈಗುಳಗಳನ್ನು ಅಣಕಿಸಿ ನಗುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಅವನು ಬರೆದದ್ದನ್ನು ಕುಳಿತು ಓದಿದವರು ಇದ್ದಾರೆಂದು ಇವತ್ತಿನವರೆಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಇದ್ದ ಸಿಟ್ಟು ಎಲ್ಲಿಗೋ ಹೋಯಿತು. ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ.

"ಸರಿ. ನಿನ್ನದರಲ್ಲಿ ಒಂದು ಸಾಲು ತಿದ್ದು. ಯಾರ ಚೀಟಿಯಾದರೂ ಸರಿ, ಚೀಟಿಯನ್ನು ಮುಟ್ಟಬಾರದು ಅಂತ. ತಿದ್ದಿ ಅದನ್ನೇ ಓಡಿಸು. ನನ್ನದನ್ನು ನಾನು ತೆಗೀತೇನೆ."

"ನಿಮ್ಮದು ಯಾಕೆ? ನನ್ನದನ್ನು ತೆಗೀತೇನೆ."

"ಹೇಳಿದಷ್ಟು ಮಾಡು. ಎರಡು ಊರಿಗೆ ಒಂದು ಸಾಕು."

ಅವನು ತನ್ನ ಪ್ರೋಗ್ರಾಂ ನಿಲ್ಲಿಸಿದ. ಲೋಡ್ ನೂರೆಂಬತ್ತರಿಂದ ನೂರಕ್ಕೆ ಇಳಿಯಿತು, ಮತ್ತೆ ಅರವತ್ತಕ್ಕೆ. ಚೀಟಿಗಳನ್ನು ಸ್ವಲ್ಪ ಸ್ವಲ್ಪವಾಗಿ ಅಳಿಸಲು ಶುರುಮಾಡಿದ. ಒಮ್ಮೆಲೇ ಅಳಿಸಿದರೆ ಅದೇ ಇನ್ನೊಂದು ಹೊರೆ. ಒಂದೂವರೆಗೆ ಇಪ್ಪತ್ತು. ಎರಡಕ್ಕೆ ಏಳು. ಕೊಚ್ಚಿಯಲ್ಲಿ ಮತ್ತೆ ಫೋನ್ ರಿಂಗಾಯಿತು. ಚಿತ್ರಗಳು ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತಿವೆಯೆಂದೂ ಅಜ್ಜಂದಿರೆಲ್ಲ ಮನೆಗೆ ಹೊರಟರೆಂದೂ ಫಾತಿಮಾ ಹೇಳಿ ನಕ್ಕದ್ದು ಕೇಳಿಸಿತು.

ಕೃಷ್ಣಕುಮಾರ್ ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡ. "ಒಳ್ಳೇದಾಯ್ತು. ಆದ್ರೆ ಹೆಸರು ಕೊಡ್ಲೇಬೇಕು. ಎರಡನೇ ಪ್ರೋಗ್ರಾಂ ಹಾಕಿದ್ದು ಅವಳೇ."

"ಮೊದಲನೇದು?"

"ಅದು ಏಳು ವರ್ಷದಿಂದ ಉಂಟಲ್ಲ. ತೊಂದರೆ ಕೊಡ್ಲಿಲ್ಲ."

"ಏಳು ವರ್ಷದಿಂದ ಅಪ್ಪಣೆ ಇಲ್ಲದೆ ಉಂಟು. ಬೇರೆಯವರು ಚೀಟಿ ಇಟ್ಟರೆ ಏನಾಗ್ತದೆ ಅಂತ ಯೋಚನೆ ಮಾಡದೆ ಬರೆದದ್ದು ನಾನು. ಅವಳು ನನ್ನ ತಪ್ಪನ್ನು ನೆಟ್ಟಗೆ ನಕಲು ಮಾಡಿದ್ದಾಳೆ, ಅಷ್ಟೇ. ಅವರು ಒಂದು ಹೆಸರು ಕೇಳಿದ್ರು. ನನ್ನದನ್ನು ಆಗ್ಲೇ ಮೇಲ್ ಮಾಡಿ ಆಯ್ತು."

ಕೃಷ್ಣಕುಮಾರ್ ಮೇಲ್ ತೆರೆದು ಓದಿದ. "ತಿರುಮಲಣ್ಣ, ನಮಗಿರುವುದೇ ಈ ಒಂದು ಆಸ್ಪತ್ರೆ. ಅವರ ಕೆಲಸ ಮುಟ್ಟದೆ ನಿಮಗೆ ಇಲ್ಲಿ ಎಂತ ಕೆಲಸ ಕೊಡ್ಲಿ ನಾನು?"

"ಎಂತದ್ದೂ ಬೇಡ. ಅವಳನ್ನು ಖಾಯಂ ಮಾಡಿ. ಮಾಡದಿದ್ರೆ ಮನೆ ಬಾಗಿಲಿಗೆ ಬಂದು ಬೈತೇನೆ."

ಅವನು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿದ, ಕೊರಳಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟ, ಫೋನಿನ ಕಡೆಗೆ ಒಮ್ಮೆ ನೋಡಿದ. ಬಾಗಿಲು ತಳ್ಳಿಕೊಂಡು ಹೊರಟುಹೋದ.

ಕೃಷ್ಣಕುಮಾರ್‌ಗೆ ಆಗ ನೆನಪಾಯಿತು, ತಾನು ಒತ್ತಿದ್ದ ಬಟನ್ ಯಾವಾಗಲೋ ತೆಗೆದಾಗಿತ್ತು. ಆ ಕಡೆ ಎಲ್ಲವೂ ಕೇಳಿಸಿತ್ತು.

"ತಿರುಮಲಣ್ಣ," ಎಂದಳು ನವ್ಯಾ. ಅಳುತ್ತಿದ್ದಳು. "ನೀವು ಬೈತೀರಿ ಅಂತ ಗೊತ್ತುಂಟು, ಆದ್ರೂ ಹೇಳ್ತೇನೆ. ಇಂಟರ್‌ವ್ಯೂ ದಿನ ಎಲ್ಲರೂ ಬೇಡ ಅಂದಾಗ ಇವಳು ಇರಲಿ ಅಂದದ್ದು ನೀವೇ ಅಂತ ಫಾತಿಮಾ ಚೇಚಿಗೂ ಹೇಳಿದ್ದೇನೆ, ಅಮ್ಮನಿಗೂ ಹೇಳಿದ್ದೇನೆ. ನಿಮಗೆ ಮಾತ್ರ ಹೇಳಿರಲಿಲ್ಲ. ಕೇಳ್ತಾ ಇದ್ದೀರಾ?"

ಕೃಷ್ಣಕುಮಾರ್ ಬಾಗಿಲಿನ ಕಡೆ ನೋಡಿದ. ಅವಳ ಮಾತನ್ನು ತಡೆಯಲಿಲ್ಲ. ಕಿಟಕಿಯ ಕೆಳಗೆ ಹೆದ್ದಾರಿಯಲ್ಲಿ, ಚಾಲೈ ಪೇಟೆಯ ಕಡೆಗೆ ಹೋಗುವ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಚೀಲವನ್ನು ಎದೆಗೆ ಒತ್ತಿಕೊಂಡ ಒಬ್ಬ ಕೊನೆಯವನಾಗಿ ಹತ್ತಿದ. ಬಸ್ಸು ಹೊರಟಿತು.