ಕಂಬದ ಒಳಮೈ

ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ಮೂರು ಅಪ್ಪಣೆಗಳಿದ್ದವು. ಲಿಫ್ಟಿನಲ್ಲಿ ಒಬ್ಬಳೇ ಇಳಿಯಬೇಡ. ಗೇಟು ದಾಟಬೇಡ. ಯಾರಾದರೂ ಬೆಲ್ ಒತ್ತಿದರೆ ತೆರೆಯಬೇಡ. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿ, ಊರಿನ ದೊಡ್ಡಮನುಷ್ಯರನ್ನೆಲ್ಲ ಟೇಪು ಹಿಡಿದು ಅಲುಗಾಡದಂತೆ ನಿಲ್ಲಿಸಿದ್ದ ಟೈಲರಮ್ಮನಿಗೆ ಈಗ ಒಂದು ಚೀಟಿಯ ಲಗಾಮು! ಹನ್ನೊಂದನೇ ಮಹಡಿಯ ಕಿಟಕಿಯಿಂದ ಮಗಳು ಕೆಲಸಕ್ಕೆಂದು ನೆಲೆಸಿದ್ದ ಆ ಮಹಾನಗರವನ್ನು ನೋಡುತ್ತ ಒಂಬತ್ತು ದಿನ ಕಳೆದಿದ್ದಳು. ಹತ್ತನೆಯ ರಾತ್ರಿ ಊಟದ ತಟ್ಟೆಯ ಮುಂದೆ ತಿರುಗಿಬಿದ್ದಳು.

"ನಿಂಗೆ ಇಲ್ಲಿ ಭಾಷೆ ಬರಲ್ಲಮ್ಮ. ಕಳೆದುಹೋದ್ರೆ ಯಾರನ್ನ ಕೇಳ್ತೀಯ?" ಎಂದಳು ಮಗಳು.

"ಕಳೆದುಹೋಗೋಕೆ ನಾನೇನು ಅಂಗಿ ಗುಂಡಿನಾ?"

ವಾದ ಹನ್ನೊಂದು ಗಂಟೆಯವರೆಗೆ ನಡೆಯಿತು. ಕೊನೆಗೆ ಮಗಳೇ ಸೋತು ಷರತ್ತು ಹಾಕಿದಳು. "ಆಯ್ತು, ನಾಳೆ ಹೋಗು. ಸಂಜೆ ಐದಕ್ಕೆ ನೀನಾಗೇ ವಾಪಸ್ ಬಂದಿರಬೇಕು. ಫೋನ್ ಮಾಡಿ ನನ್ನನ್ನ ಕರೆಸಿಕೊಂಡ್ಯೋ, ಇನ್ನು ಮೂರು ತಿಂಗಳೂ ಕಿಟಕಿನೇ ಗತಿ."

ಮರುದಿನ ಟೈಲರಮ್ಮ ಚೀಲದಲ್ಲಿ ಫೋನಿನ ಜೊತೆಗೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ತುಂಡನ್ನೂ ಹಾಕಿಕೊಂಡಳು. ರಸ್ತೆ ತಿರುಗಿದಲ್ಲೆಲ್ಲ ಒಂದು ದೀಪದ ಕಂಬ, ಕಂಬಕ್ಕೊಂದು ನೀಲಿ ಗೀಟು. ಬುದ್ಧಿ ಯಾರಪ್ಪನ ಮನೆಯ ಸ್ವತ್ತು?

ಊರೋ ಊರು! ಮೀನು ಮಾರುವವಳು ಗಿರಾಕಿಯ ಮೇಲೆ ರೇಗುತ್ತಿದ್ದಳು. ಭಾಷೆ ತಿಳಿಯದಿದ್ದರೂ ಬೈಗುಳವೆಲ್ಲ ಅರ್ಥವಾಯಿತು. ಸೇತುವೆಯ ಈಚೆ ತುದಿಯಲ್ಲಿ ಒಬ್ಬ ಮುದುಕ ಪಿಟೀಲು ಬಾರಿಸುತ್ತಿದ್ದ. ಒಂದು ಓಣಿಯ ತುಂಬ ಬರೀ ಬೀಗಗಳ ಅಂಗಡಿಗಳು. ಏಳನೇ ತಿರುವಿನಲ್ಲಿ ಗಾಜಿನಾಚೆ ಒಬ್ಬ ದರ್ಜಿ ಮಖಮಲ್ಲಿನ ಪರದೆಗೆ ಕತ್ತರಿ ಇಡುವುದರಲ್ಲಿದ್ದ. ಒಂದು ತುಂಡಿನ ನವಿರು, ಸವರಿದರೆ ಮಲಗುವ ಆ ಎಳೆ, ಮೇಲಕ್ಕೆ; ಇನ್ನೊಂದರದು ಕೆಳಕ್ಕೆ. ಟೈಲರಮ್ಮ ಗಾಜು ಬಡಿದು "ಅಯ್ಯೋ, ತಿರುಗಿಸಪ್ಪ!" ಎಂದು ಕೈ ತಿರುವಿ ತೋರಿಸಿದಳು. ಅವನು ಮೊದಲು ಗುರಾಯಿಸಿದ, ಆಮೇಲೆ ಬಟ್ಟೆ ಸವರಿ ನೋಡಿ ಹಣೆ ಚಚ್ಚಿಕೊಂಡ. ಒಳಗೆ ಕರೆದು ಸ್ಟೂಲು ಕೊಟ್ಟ, ಚಹಾ ಕೊಟ್ಟ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಗಿರಾಕಿಗಳನ್ನು ಬೈದುಕೊಂಡರು. ಎದ್ದಾಗ ಗಂಟೆ ಮೂರೂವರೆ.

ವಾಪಸ್ ಹೊರಟವಳು ಮೂರು ರಸ್ತೆ ಕೂಡುವಲ್ಲಿ ಗಕ್ಕನೆ ನಿಂತಳು. ಕಂಬಗಳಿದ್ದವು, ಗೀಟಿರಲಿಲ್ಲ. ಇತ್ತ ನಡೆದಳು, ಅತ್ತ ನಡೆದಳು, ಎಲ್ಲ ಕಂಬವೂ ಬೋಳು. ಯಾರೋ ಒರೆಸಿದರೇ? ಫೋನ್ ಹೊರಬಂತು, ಹೆಬ್ಬೆರಳು ಮಗಳ ಫೋಟೋದ ಮೇಲೆ ಬಂದು ನಿಂತಿತು. ಒತ್ತಿದರೆ ಹತ್ತು ನಿಮಿಷದಲ್ಲಿ ಕಾರು ಬರುತ್ತದೆ. ಒತ್ತಿದರೆ ಮೂರು ತಿಂಗಳು ಕಿಟಕಿ.

"ಜಪ್ಪಯ್ಯ ಅಂದ್ರೂ ಒತ್ತಲ್ಲ," ಎಂದು ಜೋರಾಗಿಯೇ ಹೇಳಿದಳು. ದಾರಿಹೋಕನೊಬ್ಬ ತಿರುಗಿ ನೋಡಿದ. ನೋಡಲಿ.

ಕಂಬಕ್ಕೆ ಒರಗಿ ಉಸಿರು ಎಳೆದುಕೊಂಡಳು. ಬಟ್ಟೆಯಲ್ಲಾದರೆ ಗೀಟು ಎಳೆಯುವುದು ಎಲ್ಲಿ? ಒಳಮೈಗೆ. ಹೊರಮೈ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಹೋಗುವಾಗ ಕಣ್ಣೆದುರಿಗಿದ್ದ ಮೈಗೆ ಗೀಟು ಎಳೆದಿದ್ದಳು. ಬರುವಾಗ ಅದು ಕಂಬದ ಬೆನ್ನು! ನಲವತ್ತು ವರ್ಷ ಅಂಗಿ ತಿರುವಿ ಹಾಕಿದವಳಿಗೆ ಕಂಬ ತಿರುವಿ ನೋಡುವುದು ಹೊಳೆದಿರಲಿಲ್ಲ. ಕಂಬ ತಿರುಗೀತೇ? ತಾನೇ ಸುತ್ತು ಹಾಕಿದಳು. ಮೊದಲನೆಯದಕ್ಕೆ ಇರಲಿಲ್ಲ. ಎರಡನೆಯದರ ಹಿಂದೆ ನೀಲಿ ಗೀಟು ಜೋಪಾನವಾಗಿತ್ತು. ಅಲ್ಲಿಂದ ಕಂಬ ಕಂಬಕ್ಕೂ ಪ್ರದಕ್ಷಿಣೆ ಹಾಕುತ್ತ ಬಂದಳು. ಜನ ಹುಚ್ಚಿ ಎಂದುಕೊಂಡರೆ ಅದು ಅವರ ತಲೆನೋವು.

ಐದಕ್ಕೆ ಹತ್ತು ನಿಮಿಷವಿದ್ದಾಗ ಗೇಟು ಕಂಡಿತು. ಗೇಟಿನಲ್ಲಿ ಮಗಳು ನಿಂತಿದ್ದಳು. ಮೂರಕ್ಕೇ ಆಫೀಸು ಬಿಟ್ಟು ಬಂದಿದ್ದಳಂತೆ. ಕಣ್ಣು ಕೆಂಪಗಾಗಿತ್ತು, ಕೈಯಲ್ಲಿ ಫೋನ್ ಇತ್ತು, ಆದರೆ ಅವಳೂ ಗುಂಡಿ ಒತ್ತಿರಲಿಲ್ಲ. ಟೈಲರಮ್ಮ ಸೆರಗಿನಿಂದ ಮಗಳ ಕಣ್ಣು ಒರೆಸಿದಳು.

"ಗೆದ್ದೆ, ಆಯ್ತಲ್ಲ? ಇನ್ನು ಸಾಕಮ್ಮ. ನನ್ ಜೀವ ಹೋಗಿತ್ತು."

ಟೈಲರಮ್ಮ ಮಗಳ ಜೊತೆ ಲಿಫ್ಟು ಹತ್ತಿದಳು. ಅಡಿಗೆಮನೆಗೆ ಹೋಗಿ ಚೀಟಿ ಕಿತ್ತಳು, ಮಗುಚಿದಳು, ಖಾಲಿ ಮೈಯ ಮೇಲೆ ಉಳಿದಿದ್ದ ಸೀಮೆಸುಣ್ಣದಿಂದ ಉದ್ದಕ್ಕೊಂದು ನೀಲಿ ಗೀಟು ಎಳೆದು ಮತ್ತೆ ಅಲ್ಲೇ ಅಂಟಿಸಿದಳು.

"ನಾಳೆ ಸೇತುವೆ ಆಚೆ ಹೋಗ್ತೀನಿ. ಬರೋದಾದ್ರೆ ರಜೆ ಹಾಕು," ಎಂದಳು. "ನನ್ ಕೈ ಮಾತ್ರ ಬಿಡಬೇಡ ಮಗಾ, ಕಳೆದುಹೋಗ್ತೀಯ."